ಅಪ್ಪ ತಂದ ನಾಲ್ಕು ಮೊಲಗಳು

ನಮ್ಮ ಅಪ್ಪ ಬೊಂಬಾಯಿಯಿಂದ ವರ್ಷಕ್ಕೊಮ್ಮೆ, ಚೌತಿಯ ಹೊತ್ತಿಗೆ ಬರುತ್ತಿದ್ದ. ಹದಿನೈದು ದಿನ ಇದ್ದು ಹೋಗಿಬಿಡುತ್ತಿದ್ದ. ಅಜ್ಜಿಯ ಮೊಣಕಾಲಿಗೆ ಹಚ್ಚುವ ಬಾಮು, ಅಮ್ಮನಿಗೊಂದು ಸೀರೆ, ನನಗೆ ಬೆಣ್ಣೆಕಾಗದದ ನಡುವೆ ಹಾಳೆ ಹಾಳೆಯಾಗಿ ಕೂತ ಹಲ್ವಾ, ಇಷ್ಟು ಅವನ ಟ್ರಂಕಿನಿಂದ ಹೊರಬಿದ್ದರೆ ಅಪ್ಪ ಬಂದ ಹಾಗೆ. ಅವನ ಮುಖಕ್ಕಿಂತ ಆ ಟ್ರಂಕಿನ ವಾಸನೆಯೇ ನನಗೆ ಹೆಚ್ಚು ಪರಿಚಯವಿತ್ತು. ಅವನು ಅಲ್ಲಿ ಔಷಧಿ ಕಾರ್ಖಾನೆಯಲ್ಲಿದ್ದಾನೆ ಎಂದು ಅಜ್ಜಿ ಹೆಬಳೆಯ ನಮ್ಮ ಕೇರಿಗೆಲ್ಲ ಹೇಳಿಕೊಂಡಿದ್ದಳು. ಅಲ್ಲಿ ಅವನದು ಎಂಥ ಕೆಲಸ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೂ ಅಜ್ಜಿಗೆ ಗೊತ್ತಿರಲಿಲ್ಲ. ನನಗೆ ಒಂಬತ್ತು ತುಂಬಿದ ವರ್ಷ ಅವನು ಚೌತಿಗೆ ಬರಲಿಲ್ಲ. ಹಬ್ಬ ಕಳೆದು ಮೂರು ತಿಂಗಳಾದ ಮೇಲೆ, ಒಂದು ಕಾಗದವನ್ನೂ ಬರೆಯದೆ, ಬೆಳಗಿನ ಬಸ್ಸಿಗೆ ಬಂದಿಳಿದ. ತಲೆಯ ಮೇಲೆ ಟ್ರಂಕಿರಲಿಲ್ಲ. ಎದೆಗವಚಿಕೊಂಡ ಮರದ ಪೆಟ್ಟಿಗೆಯೊಂದಿತ್ತು, ಅದರ ನಾಲ್ಕೂ ಮಗ್ಗುಲಿಗೆ ತೂತು ಕೊರೆದಿತ್ತು.

ನಾವು ನಡುಮನೆಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದೆವು. ನಮ್ಮ ಮನೆ ನಡೆಯುತ್ತಿದ್ದುದು ಆ ಹೂವಿನಿಂದ. ಮರಳುಮಣ್ಣಿನ ಹೊಯಿಗೆ ನೆಲದ ಹಿತ್ತಲಲ್ಲಿ ಸಾಲು ಸಾಲು ಗಿಡ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ನಡುಮನೆಯಲ್ಲಿ ಒದ್ದೆ ಬಟ್ಟೆಯ ಮೇಲೆ ಹರವಿ, ಬಾಳೆನಾರಿನಲ್ಲಿ ಕಟ್ಟಿ, ಅಮ್ಮ ಅದನ್ನು ಭಟ್ಕಳ ಪೇಟೆಗೆ ಒಯ್ಯಬೇಕು. ಗಂಜಿ ಬೇಯುವುದು, ಸ್ನಾನ, ನನ್ನ ಶಾಲೆ, ಅಜ್ಜಿಯ ಬೈಗುಳ, ಎಲ್ಲವೂ ಹೂವಿನ ಹೊತ್ತು ನೋಡಿಕೊಂಡೇ ಆಗಬೇಕು. ನಡುಮನೆಯಲ್ಲಿ ಹೂವು ಹರವಿದಾಗ ಯಾರೂ ಗಟ್ಟಿಯಾಗಿ ನಡೆಯುವಂತಿರಲಿಲ್ಲ. ಆ ಮನೆಯೊಳಗೆ ಅಪ್ಪ ಪೆಟ್ಟಿಗೆ ಇಳಿಸಿ ಕೂತ.

"ಇದೆಂತದಾ ಗಣಪಾ? ಹಲ್ವಾ ತರೂಕೆ ಇಷ್ಟ್ ದೊಡ್ಡ ಪೆಟ್ಗೆಯಾ?" ಎಂದಳು ಅಜ್ಜಿ.

"ಹಲ್ವಾ ಅಲ್ಲ ಅಬ್ಬೇ. ಒಳಗೆ ಜೀವ ಅದೆ," ಎಂದು ಅಪ್ಪ ಮುಚ್ಚಳ ತೆಗೆದ.

ಅದರಿಂದ ಒಂದೊಂದಾಗಿ ನಾಲ್ಕು ಮೊಲಗಳನ್ನು ಎತ್ತಿ ನೆಲಕ್ಕಿಟ್ಟ. ಮೊದಲನೆಯದು ಹಾಲಿನಂತೆ ಬಿಳಿ, ದೊಡ್ಡದು, ಕಣ್ಣು ದಾಸವಾಳದ ಕೆಂಪು. ಎರಡನೆಯದು ಬೂದು ಬಣ್ಣದ್ದು, ಹಳೇ ಬೆಳ್ಳಿಯ ಲೋಟದ ಹಾಗೆ ಮಿರುಗುತ್ತಿತ್ತು. ಮೂರನೆಯದರ ಮೈಯ ಮುಂದಿನರ್ಧ ಬಿಳಿ, ಹಿಂದಿನರ್ಧ ಕಪ್ಪು, ಯಾರೋ ಅಳತೆ ತೆಗೆದು ಹೊಲಿಸಿದ ಹಾಗೆ. ನಾಲ್ಕನೆಯದು ಎಲ್ಲಕ್ಕಿಂತ ಚಿಕ್ಕದು. ಮೈಯೆಲ್ಲ ಬಿಳಿ. ಮೂಗು, ಎರಡು ಕಿವಿ, ನಾಲ್ಕು ಪಾದ, ಬಾಲ, ಇಷ್ಟು ಮಾತ್ರ ಕಪ್ಪು. ಎಲ್ಲದರ ಕಿವಿಯೊಳಗೂ ಹಸಿರು ಮಸಿಯಲ್ಲಿ ಚುಚ್ಚಿದ ಅಂಕಿಗಳಿದ್ದವು. ಅಮ್ಮ ಕಟ್ಟುತ್ತಿದ್ದ ದಂಡೆ ಕೈಯಲ್ಲೇ ನಿಂತಿತು. ನಾಲ್ಕನೆಯದು ಹೂವಿನ ಬಟ್ಟೆಯ ಹತ್ತಿರ ಹೋಗಿ ಮೂಗರಳಿಸಿದಾಗ ಅಮ್ಮ, "ಅಯ್ಯ, ಒಲೆಗೆ ಮೂತಿ ಹಾಕ್ದ ಹಂಗೆ ಅದೆಯಲ್ಲ ಇದು! ಮಸಿ!" ಎಂದು ನಕ್ಕಳು. ಅದಕ್ಕೆ ಮಸಿ ಎಂದೇ ಹೆಸರಾಯಿತು. ಬೂದು ಬಣ್ಣದ್ದು ಬೂದಿ, ದೊಡ್ಡ ಬಿಳಿಯದು ಬೆಳ್ಳಕ್ಕ, ಅರ್ಧ ಕಪ್ಪಿನದು ಚಡ್ಡಿ.

ಅಜ್ಜಿ ನಗಲಿಲ್ಲ.

"ಯಾವಾಗ ಹೋಗೂದು ತಿರುಗಿ?"

"ಹೋಗೂದಿಲ್ಲ. ಕೆಲ್ಸ ಬಿಟ್ ಬಂದೆ."

"ಎಂತಕ್ಕೆ?"

ಅಪ್ಪ ಉತ್ತರ ಕೊಡಲಿಲ್ಲ. ಆ ಮೌನ ನಮ್ಮ ಮನೆಯಲ್ಲಿ ಏಳೆಂಟು ತಿಂಗಳು ಇತ್ತು. ಅಜ್ಜಿ ದಿನಕ್ಕೊಮ್ಮೆಯಾದರೂ ಅದನ್ನು ಕೆದಕುತ್ತಿದ್ದಳು. ಬಂಗಡೆ ಸಾರು ಬಡಿಸುವಾಗ, ಬಚ್ಚಲ ಒಲೆಗೆ ತೆಂಗಿನ ಸೋಗೆ ತುರುಕುವಾಗ, ಸಂಜೆ ದೀಪ ಹಚ್ಚಿ ಕೈಮುಗಿದ ಮರುಗಳಿಗೆ, "ಕಾರ್ಖಾನೆ ಬಿಟ್ಟು ಮೊಲ ಕಾಯೂಕೆ ಬಂದ ಮಗ ಯಾರಿಗೂ ಇಲ್ಲ," ಎನ್ನುತ್ತಿದ್ದಳು. ಅಪ್ಪ ತಟ್ಟೆಗೆ ಮುಖ ಹಾಕಿ ಉಣ್ಣುತ್ತಿದ್ದ. ಅಮ್ಮ ಇಬ್ಬರ ನಡುವೆ ಸಾರಿನ ಸೌಟು ಹಿಡಿದು ನಿಂತಿರುತ್ತಿದ್ದಳು. ನನಗೂ ಅವನ ಮೇಲೆ ಸಿಟ್ಟಿತ್ತು. ಹಲ್ವಾ ತರಲಿಲ್ಲ ಎನ್ನುವುದು ಮೇಲಿನ ಕಾರಣ. ಒಳಗೆ, ಯಾರೋ ಅಪರಿಚಿತ ಗಂಡಸು ನಮ್ಮ ಮೂವರು ಹೆಂಗಸರ ಮನೆಗೆ ಬಂದು ಉಳಿದುಬಿಟ್ಟಿದ್ದಾನೆ ಎಂಬಂಥ ಮುಜುಗರ.

ಬಂದ ವಾರದಲ್ಲೇ ಅಪ್ಪ ಬಚ್ಚಲಮನೆಯ ಮಗ್ಗುಲಿಗೆ ಬಿದಿರು ಸೀಳಿ ಗೂಡು ಕಟ್ಟಿದ. ನೆಲದಿಂದ ಸೊಂಟದೆತ್ತರ, ಒಂದೊಂದಕ್ಕೂ ಬೇರೆ ಕೋಣೆ, ಹಿಕ್ಕೆ ಕೆಳಗೆ ಬೀಳಲೆಂದು ಬಿದಿರ ಪಟ್ಟಿಗಳ ನಡುವೆ ಬೆರಳು ದಪ್ಪದ ಸಂದು. ನಾನು ದೂರ ನಿಂತು ನೋಡುತ್ತಿದ್ದೆ. ಮೂರನೆಯ ದಿನ ಅವನು ನನ್ನನ್ನು ಕರೆದು ಬೂದಿಯನ್ನು ಮಡಿಲಿಗಿಟ್ಟ. ಕಿವಿ ಹಿಡಿದು ಎತ್ತಬಾರದು, ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಕುಂಡೆಯ ಕೆಳಗೆ, ಹೆದರಿ ಒದ್ದರೆ ಅದರ ಬೆನ್ನೆಲುಬೇ ಮುರಿದೀತು ಎಂದು ಹೇಳಿಕೊಟ್ಟ. ಆಮೇಲೆ, "ಈಗ ಮೆಲ್ಲಗೆ ಬೆನ್ನಿಗೆ ಊದು, ಕಾಣು," ಎಂದ.

ನಾನು ಊದಿದೆ. ಬೂದು ಕೂದಲು ಇಬ್ಭಾಗವಾಗಿ ಸುತ್ತಲೂ ಒರಗಿತು, ನಡುವೆ ಒಂದು ಪುಟ್ಟ ಬಾವಿ ತೆರೆಯಿತು. ಅದರ ತಳದಲ್ಲಿ ಮಳೆಮೋಡದ ನೀಲಿ. ಅದರ ಮೇಲೊಂದು ಮುತ್ತಿನ ಬಿಳಿಯ ಬಳೆ. ಅದರ ಮೇಲೆ ಕಪ್ಪು ಎಳೆ, ಮತ್ತೆ ಬಿಳಿ, ತುದಿಯಲ್ಲಿ ಮತ್ತೆ ಕಪ್ಪು. ಒಂದೊಂದು ಕೂದಲೂ ಅಷ್ಟು ಬಣ್ಣ ಹೊತ್ತಿತ್ತು. ದೂರದಿಂದ ನೋಡಿದರೆ ಬರೀ ಬೂದು. ನಾನು ಉಸಿರು ನಿಲ್ಲಿಸಿದೆ, ಬಾವಿ ಮುಚ್ಚಿಕೊಂಡಿತು. ಮತ್ತೆ ಊದಿದೆ. ಆ ದಿನ ಶಾಲೆಗೆ ತಡವಾಗಿ ಏಟು ತಿಂದದ್ದು ನೆನಪಿದೆ, ಏಟಿನ ನೋವು ನೆನಪಿಲ್ಲ.

ಆಮೇಲೆ ನಾನು ಅವನ ಹಿಂದೆಯೇ ಇರತೊಡಗಿದೆ. ಅಪ್ಪ ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಆದರೆ ಅವನು ಕೆಲಸ ಮಾಡುತ್ತಿದ್ದಲ್ಲಿ ಒಬ್ಬ ದೊಡ್ಡ ಡಾಕ್ಟರರಿದ್ದರಂತೆ. ಅವರ ಮೇಜಿನ ಮೇಲೆ ಜಗತ್ತಿನ ಮೊಲಗಳ ಬಣ್ಣದ ಚಿತ್ರಗಳಿದ್ದ ದಪ್ಪ ಪುಸ್ತಕವೊಂದಿತ್ತಂತೆ. ಊಟದ ಬಿಡುವಿನಲ್ಲಿ ಅಪ್ಪ ಅದರ ಹಾಳೆ ತಿರುವುತ್ತ ಇದು ಯಾವುದು, ಎಲ್ಲಿಯದು ಎಂದು ಕೇಳುವುದು, ಅವರು ಹೇಳುವುದು. ಹೀಗೆ ಹದಿನಾಲ್ಕು ವರ್ಷ. ಆ ಪುಸ್ತಕವೆಲ್ಲ ಅವನ ತಲೆಯಲ್ಲಿತ್ತು. ಹುಲ್ಲು ಕೊಯ್ಯುತ್ತ, ಗೂಡು ತೊಳೆಯುತ್ತ ನನಗೆ ಹೇಳುತ್ತಿದ್ದ. ನಾಯಿಯಷ್ಟು ದೊಡ್ಡದಾಗಿ ಬೆಳೆಯುವ ಫ್ಲೆಮಿಶ್ ಎಂಬ ಜಾತಿಯಿದೆ. ಕಿವಿ ಜೋತುಬಿದ್ದು, ನಡೆಯುವಾಗ ಅದನ್ನೇ ಮೆಟ್ಟಿಕೊಳ್ಳುವ ಲಾಪ್ ಎಂಬುದಿದೆ. ಟರ್ಕಿ ದೇಶದ ಅಂಕಾರಾ ಪಟ್ಟಣದ ಹೆಸರು ಹೊತ್ತ ಅಂಗೋರಾ ಮೊಲಕ್ಕೆ ಮೈಮೇಲೆ ಕೂದಲಲ್ಲ, ಉಣ್ಣೆ. ಅದನ್ನು ಬಾಚಿ ತೆಗೆದು ನೂಲುತ್ತಾರೆ. ಚಡ್ಡಿಯ ಜಾತಿಗೆ ಡಚ್ ಎಂದು ಹೆಸರು.

"ಡಚ್ಚರೆಂದ್ರೆ ಹಾಲೆಂಡಿನವ್ರು. ಆದ್ರೆ ಇದ್ರ ಮೂಲ ಪಕ್ಕದ ಬೆಲ್ಜಿಯಮ್ಮು. ಹೀಂಗೆ ಚಂದ ಗೆರೆ ಹೊಡ್ದ ಹಂಗೆ ತಿದ್ದಿದ್ದು ಇಂಗ್ಲೆಂಡಿನವ್ರು. ಬೆಳ್ಳಕ್ಕನ ಜಾತಿಗೆ ನ್ಯೂಜಿಲೆಂಡ್ ಬಿಳಿ ಅಂತಾರೆ, ಅದು ಹುಟ್ಟಿದ್ದು ಅಮೇರಿಕದಲ್ಲಿ. ಮಸಿಯದ್ದು ಹಿಮಾಲಯ. ಅದು ಹಿಮಾಲಯದಿಂದ ಬಂತು ಅನ್ನೂಕೆ ಯಾರ ಹತ್ರವೂ ಪುರಾವೆ ಇಲ್ಲ."

"ಮತ್ತೆ ಆ ಹೆಸ್ರು ಎಂತಕ್ಕೆ ಇಟ್ರು?"

"ಇಟ್ಟವ್ರಿಗೇ ಕೇಳ್ಬೇಕು," ಎಂದು ನಗುತ್ತಿದ್ದ.

ಒಂದು ಸಂಜೆ ಹೆಬಳೆಯ ಕಡಲ ದಂಡೆಯಲ್ಲಿ ಮೊಲಗಳಿಗೆಂದು ಹೊಯಿಗೆಯ ಮೇಲೆ ಹಬ್ಬಿದ ಬಂಗುಡೆಬಳ್ಳಿ ಕೊಯ್ಯುತ್ತಿದ್ದಾಗ ಅವನು ಪಡುವಣಕ್ಕೆ ಕೈ ತೋರಿಸಿದ. ಈ ನೀರು ದಾಟಿ, ಅದರಾಚೆಯ ನೆಲ ದಾಟಿ, ಇನ್ನೊಂದು ಕಡಲ ಅಂಚಿನಲ್ಲಿ ಸ್ಪೇನ್ ಎಂಬ ದೇಶವಿದೆ. ಅಲ್ಲಿ ಮಣ್ಣು ತೋಡಿ ಬಿಲದಲ್ಲಿರುತ್ತಿದ್ದ ಕಂದು ಬಣ್ಣದ ಒಂದೇ ಒಂದು ಕಾಡುಜಾತಿಯಿಂದ ಇವಿಷ್ಟೂ ಹುಟ್ಟಿದ್ದು ಎಂದ. ನಾಯಿಯಷ್ಟು ದೊಡ್ಡದೂ, ಅಂಗೈಯಲ್ಲಿ ಕೂರುವ ಚಿಕ್ಕದೂ, ಉಣ್ಣೆಯದೂ, ಜೋಲುಕಿವಿಯದೂ, ಎಲ್ಲ. ಮನುಷ್ಯರು ಬೋನಿನಲ್ಲಿ ಸಾಕಿ, ಬೇಕಾದ್ದನ್ನು ಉಳಿಸಿಕೊಂಡು, ನೂರಾರು ವರ್ಷ ಕೂಡಿಸಿ ಕೂಡಿಸಿ ಮಾಡಿದ್ದು. ಸೂರ್ಯ ಮುಳುಗುತ್ತಿದ್ದ. ನಾನು ಬಳ್ಳಿಯ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಆ ನೀರಿನ ಗೆರೆಯನ್ನೇ ನೋಡುತ್ತ ಕೂತೆ. ನಮ್ಮ ಬಚ್ಚಲ ಮಗ್ಗುಲಿಗೆ ಕೂತು ಮೆಲ್ಲುತ್ತಿರುವ ನಾಲ್ಕು ಜೀವಗಳು ಅಷ್ಟು ದೂರದ ಒಂದೇ ಬಿಲದಿಂದ ಹೊರಟು ಬಂದವು ಎನ್ನುವುದು ನನ್ನ ತಲೆಯಲ್ಲಿ ಹಿಡಿಸುತ್ತಿರಲಿಲ್ಲ.

ಮಾಘದಲ್ಲಿ ಬೆಳ್ಳಕ್ಕ ಮರಿ ಹಾಕಿತು. ಬೂದಿಯ ಜೊತೆ ಬಿಟ್ಟು ಮೂವತ್ತನೆಯ ದಿನ ಅದು ತನ್ನ ಎದೆಯ, ಹೊಟ್ಟೆಯ ಕೂದಲನ್ನು ಬಾಯಿಂದ ಕಿತ್ತು ಕಿತ್ತು ಮೂಲೆಗೆ ಒಟ್ಟತೊಡಗಿತು. ನಾನು ರೋಗ ಬಂತೆಂದು ಅಳುತ್ತ ಓಡಿಹೋಗಿ ಅಪ್ಪನನ್ನು ಕರೆತಂದೆ. ಮರುದಿನ ಬೆಳಿಗ್ಗೆ ಆ ಬಿಳಿ ರಾಶಿ ತಾನೇ ಉಸಿರಾಡುವ ಹಾಗೆ ಏರಿಳಿಯುತ್ತಿತ್ತು. ಅಪ್ಪ ಎರಡು ಬೆರಳಲ್ಲಿ ಕೂದಲು ಸರಿಸಿದ. ಒಳಗೆ ಏಳು ಮರಿಗಳು, ಮೈಮೇಲೆ ಒಂದು ರೋಮವಿಲ್ಲ, ಕಣ್ಣು ಮುಚ್ಚಿವೆ, ತೊಗಲಿನೊಳಗೆ ಕುಡಿದ ಹಾಲು ಬೆಳ್ಳಗೆ ಕಾಣುತ್ತಿದೆ. ಅಜ್ಜಿ ಕೋಲೂರಿಕೊಂಡು ಬಂದಳು. ನೋಡಿದವಳೇ ಹಿಂದೆ ಸರಿದಳು.

"ಅಪಶಕುನ! ನಮ್ಮ ಶೇಂಗಾ ಗದ್ದೇಲಿ ಮೊಲದ ಮರಿ ನಾನೇ ಕಂಡಿದ್ದೆ. ಹುಟ್ತಲೇ ಕಣ್ ಬಿಟ್ಟಿತ್ತು, ಮೈತುಂಬ ರೋಮ ಇತ್ತು. ಇದೆಂತದು, ಬಲಿಯದ ಪಿಂಡ!"

"ಅದು ಬೇರೆ ಅಬ್ಬೇ," ಎಂದ ಅಪ್ಪ. "ನಮ್ಮ ಗುಡ್ಡದ ಮೊಲ ಬಯಲಲ್ಲಿ ಹೆರ್ತದೆ. ಅದ್ರ ಮರಿ ಹುಟ್ತಲೇ ಓಡೂಕೆ ತಯಾರಿರ್ಬೇಕು. ಇದು ಬಿಲದ ಜೀವ. ನಾವು ಎರಡಕ್ಕೂ ಮೊಲ ಅಂತೇವೆ, ಅಷ್ಟೇ. ಇವೆರಡೂ ಕೂಡಿದ್ರೂ ಮರಿ ಆಗೂದಿಲ್ಲ."

ಅಜ್ಜಿ ಮತ್ತೆ ಬಗ್ಗಿ ನೋಡಿದಳು. ಆ ಕಿತ್ತ ಕೂದಲನ್ನು ಮುಟ್ಟಿದಳು. "ತನ್ನ ಮೈಯದ್ದೇ ಕಿತ್ಕಂಡದ್ದಾ?" ಎಂದು ಕೇಳಿದಳು. ಅಪ್ಪ ಹೌದೆಂದ. ಅವಳು ಒಳಗೆ ಹೋಗಿ, ತನ್ನ ಹಳೆಯ ಸೀರೆಯ ತುಂಡೊಂದನ್ನು ತಂದು ಗೂಡಿನ ಗಾಳಿ ಬರುವ ಬದಿಗೆ ಕಟ್ಟಿದಳು. ಆ ಹೊತ್ತಿಗಾಗಲೇ ಮೊಲದ ಹಿಕ್ಕೆ ಹಾಕಿದ ಸಾಲಿನ ಮಲ್ಲಿಗೆ ಬೇರೆ ಸಾಲಿಗಿಂತ ದಪ್ಪ ಮೊಗ್ಗು ಬಿಡುತ್ತಿದ್ದುದನ್ನು ಅವಳು ಗಮನಿಸಿದ್ದಳು, ಬಾಯಿಬಿಟ್ಟು ಹೇಳಿರಲಿಲ್ಲ.

ನನಗೆ ಬೆಳ್ಳಕ್ಕನ ಮೇಲೆ ಕೋಪ ಬಂದದ್ದು ಆಮೇಲೆ. ದಿನವಿಡೀ ನೋಡಿದೆ, ಅದು ಮರಿಗಳ ಹತ್ತಿರ ಸುಳಿಯಲೇ ಇಲ್ಲ. ಬೆನ್ನು ಹಾಕಿ ಕೂತು ಹುಲ್ಲು ಮೆಲ್ಲುತ್ತಿತ್ತು. ಕೆಟ್ಟ ತಾಯಿ ಎಂದು ಬೈದೆ. ಅಪ್ಪ ನನ್ನನ್ನು ನಸುಕಿನಲ್ಲಿ, ಅಮ್ಮ ಹೂ ಕೊಯ್ಯಲು ಏಳುವ ಹೊತ್ತಿಗೆ ಎಬ್ಬಿಸಿ ಕರೆದೊಯ್ದ. ಮಬ್ಬು ಬೆಳಕಿನಲ್ಲಿ ಬೆಳ್ಳಕ್ಕ ಆ ರಾಶಿಯ ಮೇಲೆ ಕಾಲೂರಿ ನಿಂತಿತ್ತು. ಒಳಗಿನಿಂದ ಚೀಪುವ ಸದ್ದು. ನಾನು ಐವತ್ತರವರೆಗೆ ನಾಲ್ಕು ಸಲ ಎಣಿಸುವಷ್ಟರಲ್ಲಿ ಅದು ಕೆಳಗೆ ಹಾರಿ ದೂರ ಹೋಗಿ ಕೂತಿತು. ದಿನಕ್ಕೆ ಅಷ್ಟೇ. ಹತ್ತಿರವೇ ಇದ್ದರೆ ಅದರ ವಾಸನೆಗೆ ನರಿಯೋ ಹಾವೋ ಬಂದೀತು. ದೂರ ಇರುವುದೇ ಕಾಯುವುದು ಎಂದು ಅಪ್ಪ ಹೇಳಿದ. ಮರಿಗಳ ಹೊಟ್ಟೆ ಮುಟ್ಟಿ ನೋಡಿದೆ, ಗುಂಡಗೆ, ಬಿಗಿಯಾಗಿ ತುಂಬಿತ್ತು. ಹಿಂದೆ ಅಮ್ಮ ಹೂವಿನ ಬುಟ್ಟಿ ಹಿಡಿದು ನಿಂತಿದ್ದಳು. ಅವಳು ಅಪ್ಪನನ್ನು ನೋಡುತ್ತಿದ್ದಳು, ಮೊಲವನ್ನಲ್ಲ. ಹತ್ತು ದಿನಕ್ಕೆ ಮರಿಗಳು ಕಣ್ಣು ಬಿಟ್ಟವು. ಆಮೇಲಿನ ವರ್ಷಗಳಲ್ಲಿ ನಮ್ಮ ಬೂದುಮರಿಗಳು ಹೆಬಳೆಯ ಎಷ್ಟೋ ಹಿತ್ತಲುಗಳಿಗೆ ಹೋದವು.

ಬಿಸಿಲು ಏರಿದ ಹಾಗೆ ಇನ್ನೊಂದು ಸಂಗತಿ ನಡೆಯಿತು. ಮಸಿಯ ಕಪ್ಪು ಬಿಡತೊಡಗಿತು. ಯುಗಾದಿಯ ಹೊತ್ತಿಗೆ ಕಿವಿ ಕಂದಾಗಿ, ಮೂಗು ಚಹದ ಬಣ್ಣಕ್ಕೆ ಬಂದಿತ್ತು. "ಬೊಂಬಾಯಿಯವ್ರು ಬಣ್ಣ ಹಚ್ಚಿ ಕೊಟ್ಟದ್ದು, ಬಿಡ್ತಾ ಅದೆ," ಎಂದಳು ಅಜ್ಜಿ. ಅಪ್ಪ, ಇದರ ಕೂದಲು ಚಳಿಯಲ್ಲಿ ಬೆಳೆದರೆ ಕಪ್ಪು, ಸೆಕೆಯಲ್ಲಿ ಬೆಳೆದರೆ ಬಿಳಿ ಎಂದ. ಮೂಗು, ಕಿವಿ, ಪಾದ, ಬಾಲ, ಇವು ಮೈಯ ತಣ್ಣಗಿನ ಜಾಗಗಳು, ಅದಕ್ಕೇ ಅಲ್ಲಿ ಮಾತ್ರ ಕಪ್ಪು. ಹುಟ್ಟುವಾಗ ತಾಯಿಯ ಹೊಟ್ಟೆಯ ಬಿಸಿಯಿಂದ ಬರುತ್ತದಲ್ಲ, ಮರಿ ಪೂರ್ತಿ ಬಿಳಿ ಇರುತ್ತದೆ ಎಂದ. ಇದನ್ನು ಅಜ್ಜಿ ಬಿಡಿ, ನಾನೂ ನಂಬಲಿಲ್ಲ. ಅಪ್ಪ ನನ್ನನ್ನು ರಂಜಿಸಲು ಕಟ್ಟಿದ ಕತೆ ಎಂದುಕೊಂಡೆ.

ಮೇ ತಿಂಗಳ ಒಂದು ದಿನ ಗೂಡಿನ ಕದ ಸರಿಯಾಗಿ ಹಾಕದೆ ನಾನೇ ಮಾಡಿದ ತಪ್ಪಿಗೆ ಚಡ್ಡಿ ಮಸಿಯ ಗೂಡಿಗೆ ನುಗ್ಗಿ ಅದರ ಬೆನ್ನು ಕಚ್ಚಿ ಹರಿದುಹಾಕಿತು. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಗಾಯದ ಸುತ್ತ ಅಂಗೈಯಷ್ಟಗಲ ಕೂದಲು ಬೋಳಿಸಿ, ಉಪ್ಪುನೀರಲ್ಲಿ ತೊಳೆದು, ಅರಿಶಿನ ಕಲಸಿದ ಎಣ್ಣೆ ಹಚ್ಚಿದ. ಮೊದಲೇ ಸೆಕೆಗೆ ಏದುತ್ತಿದ್ದ ಮೊಲ ಎರಡನೆಯ ದಿನ ಮಗ್ಗುಲಾಗಿ ಮಲಗಿಬಿಟ್ಟಿತು. ಬಿಸಿಲು ಇದಕ್ಕೆ ಗಾಯಕ್ಕಿಂತ ಕೆಟ್ಟದ್ದು ಎಂದು ಅಪ್ಪ ಸೈಕಲ್ ಹತ್ತಿ ಭಟ್ಕಳ ಬಂದರಿಗೆ ಹೋಗಿ, ಮೀನಿಗೆ ಹಾಕುವ ಮಂಜುಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ ತಂದ. ಅದನ್ನು ಪುಡಿ ಮಾಡಿ, ಬಟ್ಟೆಯ ಚೀಲದಲ್ಲಿ ತುಂಬಿ, ಮಸಿಯ ಬೆನ್ನಿನ ಮೇಲೂ ಪಕ್ಕೆಗೂ ಇಡುವುದು ನನ್ನ ಕೆಲಸವಾಯಿತು. ಶಾಲೆಗೆ ರಜೆ. ಬೆಳಗಿನಿಂದ ಸಂಜೆಯವರೆಗೆ ಚೀಲ ಬದಲಿಸುತ್ತ ಕೂತಿರುತ್ತಿದ್ದೆ. ಮಸಿ ಕಣ್ಣು ಮುಚ್ಚಿ ಆ ತಣ್ಣಗಿನ ಚೀಲಕ್ಕೆ ಮೈ ಒತ್ತಿ ಮಲಗುತ್ತಿತ್ತು. ಒಂದು ತಿಂಗಳು ಅಪ್ಪ ದಿನವೂ ಬಂದರಿಗೆ ಹೋಗಿ ಬಂದ. ಅಜ್ಜಿ ಬೈಯಲಿಲ್ಲ. ಒಂದು ಮಧ್ಯಾಹ್ನ ನಾನು ಉಣ್ಣಲು ಹೋಗಿ ಬರುವಷ್ಟರಲ್ಲಿ ಅವಳೇ ಚೀಲ ಹಿಡಿದು ಕೂತಿದ್ದಳು.

ಗಾಯ ಮಾಯ್ದಿತು. ಮೊದಲ ಮಳೆ ಬಿದ್ದ ವಾರ ಬೋಳು ಜಾಗದಲ್ಲಿ ಕೂದಲು ಮೂಡಿತು. ನಾನು ಮೊದಲು ಕೊಳೆ ಎಂದುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹೋಗಲಿಲ್ಲ. ಮತ್ತೆ ಒರೆಸಿದೆ. ಆ ಬಿಳಿ ಬೆನ್ನಿನ ನಟ್ಟನಡುವೆ, ನನ್ನ ಅಂಗೈ ಆಕಾರದಲ್ಲೇ ಎಂಬಂತೆ, ಕಪ್ಪು ಕೂದಲು ಹುಟ್ಟುತ್ತಿತ್ತು. ನಾನು ಕೂಗಿದ ಕೂಗಿಗೆ ಅಮ್ಮ ಹಿಟ್ಟಿನ ಕೈಯಲ್ಲಿ, ಅಜ್ಜಿ ಕೋಲನ್ನೂ ಬಿಟ್ಟು ಓಡಿಬಂದರು. ಅಪ್ಪ ಮಸಿಯನ್ನು ಜಗಲಿಯ ಬೆಳಕಿಗೆ ತಂದಿಟ್ಟ. ಮಳೆ ಸುರಿಯುತ್ತಿತ್ತು. ತಣ್ಣಗಿನ ಚೀಲ ಹಿಡಿದ ನನ್ನ ಕೈಗಳು ಒಂದು ಜೀವದ ಮೈಮೇಲೆ ಬಣ್ಣ ಬರೆದಿದ್ದವು. ಅಪ್ಪ ಹೇಳಿದ್ದು ಕತೆಯಾಗಿರಲಿಲ್ಲ. ಅಜ್ಜಿ ಆ ಕಪ್ಪನ್ನು ಬೆರಳ ತುದಿಯಲ್ಲಿ ಮುಟ್ಟಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡಳು.

"ನಿಂಗೆ ಇದೆಲ್ಲ ಗೊತ್ತಿತ್ತಾ ಗಣಪಾ?" ಎಂದಳು. ಆರು ತಿಂಗಳಲ್ಲಿ ಮಗನ ವಿಷಯವಾಗಿಯೇ ಅವಳು ಬೈಗುಳವಿಲ್ಲದೆ ಕೇಳಿದ ಮೊದಲ ಪ್ರಶ್ನೆ ಅದು.

ಸುದ್ದಿ ನನ್ನಿಂದ ಶಾಲೆಗೆ ಹೋಯಿತು. ನಮ್ಮ ಮಾಸ್ತರರ ತಮ್ಮ ಕುಮಟಾದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಒಂದು ಭಾನುವಾರ ಅವರು ಕೊಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಸಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಇದನ್ನು ಪುಸ್ತಕದಲ್ಲಿ ಮಾತ್ರ ಓದಿದ್ದೆ, ಕಣ್ಣಾರೆ ಕಂಡದ್ದು ಇವತ್ತೇ ಎಂದರು. ಹೋಗುವಾಗ ಅಪ್ಪನಿಗೆ, ಒಂದು ದಿನ ಇದನ್ನು ಕಾಲೇಜಿಗೆ ತಂದು ಹುಡುಗರಿಗೆ ನೀವೇ ಹೇಳಬೇಕು ಎಂದರು. ಅಪ್ಪ ಹೆದರಿ ಒಲ್ಲೆನೆಂದ. ಅಮ್ಮ ಒಳಗಿನಿಂದಲೇ, "ಬರ್ತಾರೆ ಮಾಸ್ತರ್ರೆ," ಎಂದುಬಿಟ್ಟಳು.

ಅಪ್ಪ, ನಾನು, ಬುಟ್ಟಿಯಲ್ಲಿ ಮಸಿ, ಮೂವರೂ ಭಟ್ಕಳದಿಂದ ಹೊನ್ನಾವರದ ಮೇಲೆ ಕುಮಟಾಕ್ಕೆ ಹೋದೆವು. ಅಪ್ಪ ಇಸ್ತ್ರಿಯ ಬಿಳಿ ಅಂಗಿ ಹಾಕಿದ್ದ. ಕಾಲೇಜಿನ ಆ ಕೋಣೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೆಂಚುಗಳು, ತುಂಬ ಹುಡುಗ ಹುಡುಗಿಯರು. ನಾನು ಮುಂದಿನ ಬೆಂಚಿನ ತುದಿಯಲ್ಲಿ ಕೂತೆ. ಅಪ್ಪ ಮೊದಲ ಎರಡು ಮಾತು ತಡವರಿಸಿದ. ಬುಟ್ಟಿಯಿಂದ ಮಸಿಯನ್ನು ತೆಗೆದು ಎದೆಗೆ ಹಿಡಿದ ಮೇಲೆ ಅವನ ದನಿ ಸರಿಹೋಯಿತು. ಹಿಡಿಯುವುದು ಹೇಗೆಂದು ತೋರಿಸಿದ. ಸ್ಪೇನಿನ ಬಿಲ ಹೇಳಿದ. ಬೆಲ್ಜಿಯಮ್ಮಿನ ಡಚ್ಚು, ಅಮೇರಿಕದ ನ್ಯೂಜಿಲೆಂಡು, ಹಿಮಾಲಯ ಕಾಣದ ಹಿಮಾಲಯ ಎಂದಾಗ ಎಲ್ಲರೂ ನಕ್ಕರು. ಮಸಿಯ ಬೆನ್ನು ತೋರಿಸಿದಾಗ ಹಿಂದಿನ ಬೆಂಚಿನವರು ಎದ್ದು ನಿಂತರು. "ಸರ್, ಸರ್" ಎಂದು ಕೇಳುತ್ತಿದ್ದರು. ನನ್ನ ಅಪ್ಪನನ್ನು ಸರ್ ಎಂದು ಯಾರಾದರೂ ಕರೆದದ್ದು ನಾನು ಕೇಳಿದ್ದು ಆ ದಿನವೇ ಮೊದಲು. ಆಗ ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು.

"ಸರ್, ನೀವು ಬೊಂಬಾಯಲ್ಲಿ ಮೊಲ ಎಂತಕ್ಕೆ ಸಾಕ್ತಿದ್ರಿ?"

ನಮ್ಮನ್ನು ಕರೆಸಿದ್ದ ಮಾಸ್ತರರು ಎದ್ದು, ಅದು ಬೇರೆ ವಿಷಯ ಎನ್ನುವಂತೆ ಕೈ ಮಾಡಿದರು.

"ಹೇಳ್ತೆ ಮಾಸ್ತರ್ರೆ. ಕೇಳಿದ್ಮೇಲೆ ಹೇಳ್ಬೇಕು," ಎಂದ ಅಪ್ಪ. "ಆಸ್ಪತ್ರೇಲಿ ಸಲೈನ್ ಬಾಟ್ಲಿ ಏರಿಸ್ತಾರಲ್ಲ, ಅದು ಮನುಷ್ಯರ ಮೈಗೆ ಹೋಗೂಕಿಂತ ಮುಂಚೆ ಮೊಲದ ಮೈಗೆ ಹೋಗ್ತದೆ. ಬೆಳಿಗ್ಗೆ ಅವನ್ನ ಸಾಲಾಗಿ ಕೂರಿಸೂದು. ಕುತ್ತಿಗೆ ಅಲುಗದ ಹಂಗೆ ಒಂದು ಚೌಕಟ್ಟು. ಕಿವಿ ನರಕ್ಕೆ ಸೂಜಿ. ಆಮೇಲೆ ಜ್ವರ ಬರ್ತದಾ ಅಂತ ಕಾಯೂದು. ಬಂದ್ರೆ ಆ ಔಷಧಿ ಚೆಲ್ತಾರೆ. ಬರದಿದ್ರೆ ಬಾಟ್ಲಿ ಆಸ್ಪತ್ರೆಗೆ ಹೋಗ್ತದೆ. ಸೂಜಿ ಚುಚ್ಚೂವಾಗ ಹಿಡ್ಕಂಬುದು ನನ್ ಕೆಲ್ಸ. ನನ್ ಕೈ ವಾಸ್ನೆ ಅವ್ಕೆ ಗೊತ್ತಿತ್ತು. ನಂಬಿ ಸುಮ್ನೆ ಕೂರ್ತಿದ್ದೊ. ಅದ್ಕೇ ನನ್ನ ಅಲ್ಲಿ ಇಟ್ಕಂಡದ್ದು. ವಯಸ್ಸಾದವನ್ನ, ಬೇಡಾದವನ್ನ ಮುಗಿಸೂದು. ಅದೂ ನನ್ ಕೈಲೇ."

ಅಪ್ಪ ನನ್ನ ಕಡೆ ನೋಡದೆ ಮುಂದುವರಿಸಿದ.

"ನನ್ ಮಗಳಿಗೆ ಮೂರು ವರ್ಷ ಇದ್ದಾಗ ವಾಂತಿಭೇದಿ ಆಗಿ ಹೊನ್ನಾವರದ ಆಸ್ಪತ್ರೇಲಿ ಮಲಗಿಸಿದ್ರು. ಸಲೈನ್ ಏರಿಸಿ ಬದುಕಿಸಿದ್ರು. ಟೆಲಿಗ್ರಾಂ ಬಂದಾಗ ನಾ ಮೊಲದ ಸಾಲಿನ ಮುಂದೆ ನಿಂತಿದ್ದೆ. ಅವತ್ತು ಒಂದೊಂದ್ರ ತಲೆ ಮುಟ್ಟಿ ಕೈ ಮುಗ್ದೆ. ಮಾರನೇ ದಿನ ಮತ್ತೆ ಹಿಡ್ಕಂಡೆ. ಎಂತ ಮಾಡೂದು? ಕಡೆಗೆ ಒಂದು ವಿಭಾಗ ಮುಚ್ಚಿದ್ರು. ನಾಲ್ಕು ಉಳ್ದಿದ್ದೊ, ಬೇಡಾದವು. ನನ್ ಕೈ ಏಳಲಿಲ್ಲ. ದೊಡ್ಡ ಡಾಕ್ಟರು ನನ್ ಮುಖ ನೋಡಿದ್ರು. ನಾ ಕೈ ತೊಳ್ಕಂಡು ಬತ್ತೆ, ಬರೂವಷ್ಟ್ರಲ್ಲಿ ಇವು ಇಲ್ಲಿರ್ಬಾರ್ದು ಅಂದ್ರು. ನಾನೂ ಅಲ್ಲಿರ್ಲಿಲ್ಲ."

ಎರಡು ಜಡೆಯ ಹುಡುಗಿ ಮೆಟ್ಟಿಲಿಳಿದು ಬಂದು, ಅಪ್ಪ ತೋರಿಸಿದ ಹಾಗೆಯೇ ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂದೆ ಕೊಟ್ಟು ಮಸಿಯನ್ನು ಎತ್ತಿಕೊಂಡಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಗಲಾಟೆ ಮಾಡದೆ, ಸಾಲಾಗಿ.

ವಾಪಸು ಬಸ್ಸಿನಲ್ಲಿ ಅಪ್ಪ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಆಮೇಲೆ, "ನಂಗೆ ಹೆದರ್ಕಂಡ್ಯಾ ಮಗಾ?" ಎಂದ.

"ಅವ್ಕೆ ನೋವಾಗ್ತಿತ್ತಾ ಅಪ್ಪ?"

"ಆಗ್ತಿತ್ತು."

"ಮತ್ತೆ ಎಂತಕ್ಕೆ ಹಿಡ್ಕಂಡಿದ್ದೆ?"

"ನಾ ಅಲ್ದಿದ್ರೆ ಬೇರೆಯವ ಒರಟಾಗಿ ಹಿಡೀತಿದ್ದ ಅಂತ ಅಂದ್ಕಂಬುದು." ಬುಟ್ಟಿಯ ಮುಚ್ಚಳ ಸರಿಮಾಡಿದ. "ಅದು ಸಮಾಧಾನಕ್ಕೆ. ಖರೆ ಅಂದ್ರೆ ಮನೇಲಿ ನೀವು ಮೂರು ಜನ ಇದ್ರಿ."

ಅವನು ಕಣ್ಣು ಮುಚ್ಚಿ ಸೀಟಿಗೆ ಒರಗಿದ. ಬುಟ್ಟಿಯನ್ನು ಅವನ ತೊಡೆಯಿಂದ ನನ್ನ ತೊಡೆಗೆ ಎಳೆದುಕೊಂಡೆ. ಹೊನ್ನಾವರ ನಿಲ್ದಾಣದಲ್ಲಿ ಮೀನಿನ ಬುಟ್ಟಿ ಖಾಲಿ ಮಾಡಿ ಹೊರಟ ಹೆಂಗಸರು ನಾಲ್ಕೈದು ಜನ ಹತ್ತಿದರು. ಎದುರಿಗೆ ಕೂತವಳು ಬಗ್ಗಿ ನೋಡಿ, "ಎಂತ ಅದೆ ಒಳಗೆ, ಕೋಳಿಯಾ?" ಎಂದಳು.

"ಮೊಲ," ಎಂದೆ. ಮುಚ್ಚಳ ಸರಿಸಿದೆ. ಮಸಿ ತಲೆಯೆತ್ತಿತು. "ಹಿಮಾಲಯ ಅಂತಾರೆ, ಆದ್ರೆ ಹಿಮಾಲಯದ್ದಲ್ಲ." ಅವರು ಹತ್ತಿರ ಸರಿದರು. ಬೆನ್ನಿನ ಕಪ್ಪು ತೋರಿಸಿದೆ. ಮಂಜುಗಡ್ಡೆ ಹೇಳಿದೆ, ಬಿಲ ಹೇಳಿದೆ, ಕೂದಲು ಕಿತ್ತು ಹಾಸುವ ತಾಯಿಯನ್ನು ಹೇಳಿದೆ, ಆಸ್ಪತ್ರೆಯ ಬಾಟಲಿ ಹೇಳಿದೆ, ಏನನ್ನೂ ಬಿಡದೆ ಹೇಳಿದೆ. ಬಸ್ಸು ಶರಾವತಿಯ ಸೇತುವೆ ಏರಿತ್ತು, ಕೆಳಗೆ ಮಳೆಗಾಲದ ಕೆಂಪು ನೀರು ಕಡಲಿಗೆ ಹೋಗುತ್ತಿತ್ತು. ಆ ಹೆಂಗಸರಲ್ಲಿ ಒಬ್ಬಳೂ ಅತ್ತ ನೋಡಲಿಲ್ಲ.

"ಇಷ್ಟೆಲ್ಲ ಯಾರು ಹೇಳಿದ್ರು ನಿಂಗೆ?"

"ಇವನು," ಎಂದು ಒರಗಿ ಕೂತವನ ಭುಜದ ಮೇಲೆ ಕೈಯಿಟ್ಟೆ. "ನನ್ನ ಅಪ್ಪ."

ಅಪ್ಪನ ಕಣ್ಣು ಮುಚ್ಚಿಯೇ ಇತ್ತು. ಆದರೆ ಅವನು ನಿದ್ದೆ ಮಾಡಿರಲಿಲ್ಲ.